ಆರು ಪೆಟ್ಟುಗಳಲ್ಲಿ ಮೊದಲನೆಯದು

ಮಜಾರಾ, ಸಿಸಿಲಿ,
ಜುಲೈ ೯

ನನ್ನ ಹಟಮಾರಿ ಮೊಂಜಿಗೆ, ನಿನ್ನ ವಿತೀನಾಳ ಪ್ರೀತಿ ಮತ್ತು ಬೈಗುಳ, ಎರಡೂ.

ಅಕ್ಷರ ನೋಡಿ ಗಾಬರಿಯಾಗಬೇಡ. ಬರೆಯುತ್ತಿರುವವಳು ನಮ್ಮ ಮಗಳು ನಾದಿಯಾ. ನನ್ನ ಕನ್ನಡಕ ಒಡೆದಿದೆ, ಹೊಸದು ಬರುವತನಕ ಕಾಯುವ ತಾಳ್ಮೆ ನನಗಿಲ್ಲ. ಮೊಬೈಲಿನಲ್ಲಿ ಏನು ಕಳಿಸಿದರೂ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಕಾಗದಕ್ಕೆ ಹಾಗೆ ಮಾಡಲಾಗುವುದಿಲ್ಲ, ಅದಕ್ಕೇ ಕಾಗದ.

ಹೋದ ವಾರ ನಿಮ್ಮೂರು ಮಹ್ದಿಯಾದಿಂದ ನಿನ್ನ ತಂಗಿ ಝೊಹ್ರಾ ಫೋನ್ ಮಾಡಿದ್ದಳು. ಕ್ಷೇಮ ಸಮಾಚಾರ ಮುಗಿಯುವ ಮೊದಲೇ ನಾನು ನಿನ್ನನ್ನು ಬೈಯಲು ಶುರುಮಾಡಿದೆ. ನಿಮ್ಮಣ್ಣ ಫೋನ್ ಎತ್ತುತ್ತಾನೆ, ಉಸಿರಾಡುವುದು ಕೇಳಿಸುತ್ತದೆ, ನಾನು ಎಷ್ಟು ಮಾತಾಡಿದರೂ ಒಂದು ಮಾತು ತಿರುಗಿ ಆಡುವುದಿಲ್ಲ, ಅಷ್ಟೊಂದು ಸೊಕ್ಕು ಎಂದೆ. ಅವಳು ನನ್ನ ಮಾತು ತಡೆದು, "ಸೊಕ್ಕಲ್ಲ ಅತ್ತಿಗೆ. ಅಣ್ಣಂಗೆ ಕಿವಿ ಪೂರ್ತಿ ಹೋಗಿದೆ. ನಿಮಗೆ ಹೇಳೇ ಇಲ್ವಾ?" ಎಂದಳು.

ನೀನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡು. ಸೀಗಡಿ ದೋಣಿಯ ಎಂಜಿನ್ ಕೋಣೆಯಲ್ಲಿ ಆಯುಷ್ಯ ಸವೆಸಿದವನ ಕಿವಿ ಗಟ್ಟಿಯಾಗಿಯೇ ಇರುತ್ತದೆಂದು ನಾನು ಹೇಗೆ ನಂಬಿಕೊಂಡಿದ್ದೆನೋ. ಫೋನಿನಲ್ಲಿ ನಾನು ಅತ್ತದ್ದು, ಕೂಗಾಡಿದ್ದು, ಒಮ್ಮೆ ಕ್ಷಮಿಸು ಅಂದದ್ದು, ಯಾವುದೂ ನಿನಗೆ ತಲುಪಿಲ್ಲ.

ಹೋದ ವರ್ಷ ಸಂತ ವಿತೋನ ಹಬ್ಬದ ವೇದಿಕೆಯ ಮೇಲೆ ನಡೆದದ್ದು ಈಗ ಅರ್ಥವಾಗುತ್ತಿದೆ. ಹಾಡು ಮುಗಿದು ನಾವೆಲ್ಲ ಕೈ ನಿಲ್ಲಿಸಿದರೂ ನೀನೊಬ್ಬನೇ ತಲೆ ಬಗ್ಗಿಸಿಕೊಂಡು ದರ್ಬುಕಾ ಡೋಲು ಬಾರಿಸುತ್ತಲೇ ಇದ್ದೆ. ಜನ ನಕ್ಕರು. ಬೇಕೆಂತಲೇ ಮೆರೆಯುತ್ತಿದ್ದಾನೆ ಎಂದು ನನಗೆ ರೇಗಿ, ಮೈಕಿನಲ್ಲಿಯೇ, "ಸಾಕು ಮಾರಾಯ, ಮನೇಲಿ ಊಟ ಆರೋಗ್ತಿದೆ" ಎಂದೆ. ಜನ ಇನ್ನೂ ನಕ್ಕರು. ನೀನು ತಲೆಯೆತ್ತಿ ನಮ್ಮ ಕೈಗಳನ್ನು ಒಂದೊಂದಾಗಿ ನೋಡಿದೆ. ದರ್ಬುಕಾ ಕೆಳಗಿಟ್ಟು ಇಳಿದು ಹೋದೆ. ಆ ವಾರವೇ ಟುನಿಸ್‌ನ ಹಡಗು ಹತ್ತಿದೆ. ನನ್ನ ಮಾತಿಗೆ ಸಿಟ್ಟಾದೆ ಎಂದುಕೊಂಡೆ. ನಿನಗೆ ಆ ಮಾತು ಕೇಳಿಸಿಯೇ ಇರಲಿಲ್ಲ.

ಮದುವೆಯ ಹೊಸತರಲ್ಲಿ ನಾವು ಜಗಳವಾಡಿದ್ದು ತಾಳದ ಆರು ಪೆಟ್ಟಿಗಾಗಿ, ನೆನಪಿದೆಯಾ? ನಿನಗೊಂದು ದೇವರು ನನಗೊಂದು ದೇವರು ಎಂದು ಊರೆಲ್ಲ ಹೆದರಿಸಿತ್ತು, ಆ ವಿಷಯದಲ್ಲಿ ಒಂದು ದಿನವೂ ತಕರಾರು ಬರಲಿಲ್ಲ. ನನ್ನ ಅಜ್ಜಿ ಕಲಿಸಿದ ತಂಬುರೆಡ್ಡು ತಮಟೆಯ ಕುಣಿತಕ್ಕೂ ಆರು ಪೆಟ್ಟು, ನಿನ್ನೂರಿನ ಮದುವೆಗಳ ದರ್ಬುಕಾಕ್ಕೂ ಆರು. ಆದರೆ ಆ ಆರರಲ್ಲಿ ಮೊದಲನೆಯದು ಯಾವುದು ಎಂಬುದು ಇಬ್ಬರಿಗೂ ಒಂದಾಗಲಿಲ್ಲ. ನಾನು ಒಂದು ಎಂದು ಕಾಲು ಕುಟ್ಟುವ ಕಡೆ ನಿನಗೆ ಮೂರು. ನಮ್ಮ ಕಸ್ಬಾ ಕೇರಿಯ ಓಣಿಯಲ್ಲಿ ನಾವು ಬಾರಿಸಿದರೆ ನಮ್ಮವರು ಒಂದು ಕಡೆ ಚಪ್ಪಾಳೆ ತಟ್ಟುತ್ತಿದ್ದರು, ನಿಮ್ಮವರು ಇನ್ನೊಂದು ಕಡೆ. ಮೀನು ಮಾರುವ ಸರೀನಾ, "ಏನೇ ವಿತೀನಾ, ನಿನ್ ಗಂಡ ಇವತ್ತೂ ಲೇಟಾ?" ಎಂದು ರೇಗಿಸುತ್ತಿದ್ದಳು. "ನಾನ್ ಲೇಟಲ್ಲ ತಾಯಿ, ನಿಮ್ ಸಿಸಿಲಿಯವರೇ ಅವಸರಕ್ಕೆ ಹುಟ್ಟಿರೋದು" ಎಂದು ನೀನು ನಗುತ್ತಿದ್ದೆ. ಆ ಎರಡು ಚಪ್ಪಾಳೆಗಳ ನಡುವೆ ನಮ್ಮ ಸಂಸಾರ ಚೆನ್ನಾಗಿಯೇ ನಡೆಯಿತು.

ಅದಕ್ಕೇ ಹೇಳುತ್ತೇನೆ, ಈ ಹಬ್ಬಕ್ಕೆ ಬಾ. ವೇದಿಕೆ ಬೇಡ, ಯಾರೂ ನೋಡುವುದು ಬೇಡ. ನಮ್ಮ ಮಾಳಿಗೆಯ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತುಕೋ. ಎಂಜಿನ್ ಕೆಟ್ಟರೆ ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ ಎನ್ನುತ್ತಿದ್ದವನು ನೀನೇ ತಾನೇ? ನಾನು ಕಾಲು ಕುಟ್ಟುತ್ತೇನೆ. ತಂಬುರೆಡ್ಡಿನ ಅಂಚನ್ನು ನಿನ್ನ ಬೆನ್ನಿಗೆ ಆನಿಸಿ ಬಾರಿಸುತ್ತೇನೆ. ಆಡಿನ ಚರ್ಮ ಅದುರಿದರೆ ಬೆನ್ನುಮೂಳೆಗೆ ಗೊತ್ತಾಗದೆ ಇರುತ್ತದೆಯೇ? ಮೊದಲನೆಯ ಪೆಟ್ಟು ನಿನಗೆ ಬೇಕಾದ ಕಡೆಯೇ ಇಟ್ಟುಕೋ, ಈ ಸಲ ನಾನು ವಾದ ಮಾಡುವುದಿಲ್ಲ.

ನನ್ನ ಬಗ್ಗೆ ಯೋಚಿಸಬೇಡ, ಗುಂಡುಕಲ್ಲಿನ ಹಾಗಿದ್ದೇನೆ. ತೆಂಕಣ ಗಾಳಿ ಬೀಸಿ ತಂಬುರೆಡ್ಡಿನ ಚರ್ಮ ಸಡಿಲವಾದಾಗ ಒಲೆಯ ಮುಂದೆ ಹಿಡಿದು ಕಾಯಿಸಿ, ದಿನಾ ಬೆಳಿಗ್ಗೆ ಬಾರಿಸುತ್ತೇನೆ. ಕೈ ಮೊದಲಿಗಿಂತ ಚುರುಕಾಗಿದೆ. ನಾದಿಯಾಳನ್ನೇ ಕೇಳು.

ನೀನಿಲ್ಲದೆ ಈ ಮನೆ ನನಗೆ ಬೇಡವಾಗಿದೆ, ಮೊಂಜಿ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಮಗಳ ಕೈಯಲ್ಲಿ ಬರೆಸಲು ನಾಚಿಕೆಯೂ ಆಗುತ್ತಿಲ್ಲ. ಬಾ.

ನಿನ್ನನ್ನು ಸದಾ ಅವಸರಪಡಿಸುವ,
ವಿತೀನಾ

ಕೊನೆಯಲ್ಲಿ ಒಂದು ಮಾತು: ಅಪ್ಪ, ಇದು ನಾದಿಯಾ. ಅಮ್ಮನಿಗೆ ಓದಿ ಹೇಳದೆ ಸೇರಿಸುತ್ತಿದ್ದೇನೆ. ಕನ್ನಡಕದ ಮಾತು ಸುಳ್ಳು, ದಿನಾ ಬಾರಿಸುವ ಮಾತೂ ಸುಳ್ಳು. ಫೆಬ್ರವರಿಯಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಈಗ ಎಡಗೈಯಲ್ಲಿ ತಂಬುರೆಡ್ಡು ಹಿಡಿದು ಕೂರುತ್ತಾಳೆ, ಬಾರಿಸುವ ಕೈ ಮಡಿಲಲ್ಲಿ ಬಿದ್ದಿರುತ್ತದೆ. ಆ ಕೈ ಇನ್ನು ಏಳುವುದಿಲ್ಲವೆಂದು ಡಾಕ್ಟರು ಅವಳೆದುರೇ ಹೇಳಿದರು, ಅವಳು ಒಪ್ಪಲಿಲ್ಲ. "ನಿಮ್ಮಪ್ಪ ಬಂದು ಎದುರಿಗೆ ಕೂತ್ಕೊಳ್ಳಲಿ, ಕೈ ತಾನಾಗೇ ಏಳತ್ತೆ, ನೋಡ್ತಿರು" ಅನ್ನುತ್ತಾಳೆ. ನೀನು ಬಂದು, ಹಲಗೆಯ ಮೇಲೆ ನಿಂತು, ಆಮೇಲೂ ಕೈ ಏಳದೆ ಹೋದರೆ ಅವಳ ಹತ್ತಿರ ಇನ್ನೇನೂ ಉಳಿಯುವುದಿಲ್ಲ. ಬರಬೇಡ ಅಪ್ಪ. ನನಗೆ ನಿನ್ನನ್ನು ನೋಡಬೇಕೆನ್ನಿಸುತ್ತದೆ, ಆದರೂ ಬರಬೇಡ. ಮುಂದಿನ ವರ್ಷ ಬರುತ್ತೇನೆಂದು ಅವಳಿಗೆ ಬರೆ. ಮುಂದಿನ ವರ್ಷವೂ ಹಾಗೇ ಬರೆ.