ದೇಶಾವರಿ ನಗು

ಮೇಲಿನ ಮಹಡಿಯ ಬಾಡಿಗೆ ಕೋಣೆ
ಹದಿನಾಲ್ಕನೆಯ ತಾರೀಕು, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ, ಇಲ್ಲ ಆ ಎಣ್ಣೆಯ ಸೀಸೆಯನ್ನು ಕಪಾಟಿನಲ್ಲಿಟ್ಟು ನೋಡಿಕೊಂಡೇ ವಾಸಿ ಮಾಡಿಕೊಳ್ಳುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ಫೋನಿದ್ದೂ ಇವನೇಕೆ ಕಾಗದ ಬರೆಯುತ್ತಾನೆ ಎಂದುಕೊಳ್ಳಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ನಕ್ಕುಬಿಡುತ್ತೀಯ, ಈಗ ತೊಂದರೆ ಆಗಿರುವುದೇ ಆ ನಗುವಿನಿಂದ.

ನನ್ನ ಕೆಲಸವೇನೆಂದು ಕೇಳಿದವರಿಗೆಲ್ಲ ನೀನು "ನಮ್ಮ ಹುಡುಗ ಜನ ನಗೋದನ್ನ ಎಣಿಸ್ತಾನೆ, ಅದಕ್ಕೂ ಸಂಬಳ ಕೊಡ್ತಾರಂತೆ" ಎನ್ನುತ್ತೀಯಲ್ಲ, ಅದು ಹೆಚ್ಚುಕಡಿಮೆ ಸರಿ. ಮನುಷ್ಯ ಮಾತು ಕಲಿಯುವ ಮೊದಲೇ ನಗುತ್ತಿದ್ದ ಎಂಬುದು ನಮ್ಮ ವಿಭಾಗದವರ ವಾದ. ಕಚಗುಳಿಯಿಟ್ಟರೆ ಚಿಂಪಾಂಜಿಯೂ ಏದುಸಿರು ಬಿಡುತ್ತಾ ನಗುತ್ತದೆ. ಯಾರು ನಮ್ಮವರು, ಯಾರು ಹೊರಗಿನವರು ಎಂಬುದು ಆಗ ನಗುವಿನಿಂದಲೇ ತಿಳಿಯುತ್ತಿತ್ತೇನೋ. ಅದಕ್ಕೇ ಇಬ್ಬರು ಒಟ್ಟಿಗೆ ನಗುವ ತುಣುಕುಗಳನ್ನು ಮುದ್ರಿಸಿಕೊಂಡು, ಅವರನ್ನು ಕಂಡೇ ಇರದ ಜನರಿಗೆ ಕೇಳಿಸುತ್ತೇನೆ. ಮಾತಿಲ್ಲ, ನಗು ಮಾತ್ರ. ಇವರು ಹತ್ತಿರದವರೋ ಅಪರಿಚಿತರೋ ಎಂದು ಅವರು ಹೇಳಬೇಕು. ಬಹಳ ಸಲ ಸರಿಯಾಗಿಯೇ ಹೇಳುತ್ತಾರೆ.

ಹೋದ ತಿಂಗಳು ಧ್ವನಿ ಮುದ್ರಿಸುವ ಹೊಸ ಯಂತ್ರ ಬಂತು. ಪರೀಕ್ಷಿಸಲೆಂದು ನಮ್ಮಿಬ್ಬರ ಭಾನುವಾರದ ಫೋನ್ ಮಾತನ್ನೇ ಅದರಲ್ಲಿ ಹಿಡಿದೆ, ಬೈಯಬೇಡ. ಅಳಿಸಲು ಮರೆತೆ. ನಮ್ಮ ಸಹಾಯಕಿ ಕೆಲಸದಲ್ಲಿ ಬಲು ಚುರುಕು, ಅದರಿಂದಲೂ ನಗು ಕತ್ತರಿಸಿ ಉಳಿದವುಗಳ ಜೊತೆ ಸೇರಿಸಿಬಿಟ್ಟಳು. ಕೇಳಿದವರೆಲ್ಲ ಆ ಇಬ್ಬರೂ ಅಪರಿಚಿತರು ಎಂದರು. ಮುದುಕರೊಬ್ಬರಂತೂ "ಇವರು ಒಬ್ಬರಿಗೊಬ್ಬರು ಏನೋ ಮಾರೋಕೆ ನೋಡ್ತಿದ್ದಾರೆ" ಎಂದರು. ಅದ್ಯಾವ ತುಣುಕಪ್ಪಾ ಎಂದು ತೆಗೆದು ಕೇಳಿದರೆ, ನಾವು.

ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ನೀನು ನಿಜವಾಗಿ ನಕ್ಕರೆ ಮೂಗಿನಲ್ಲಿ ಗೊರ್ ಎನ್ನುತ್ತದೆ, "ಸಾಕು ಕಣೋ, ಹೊಟ್ಟೆ ನೋಯ್ತಿದೆ" ಎಂದು ಗೋಗರೆಯುತ್ತೀಯ. ಇದರಲ್ಲಿ ಅದೇನೂ ಇಲ್ಲ. ನೆಂಟರು ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದಳಲ್ಲ, ನಾವು ಒಳಗೆ ಓಡಿಬಂದು ಅಣಕಿಸುತ್ತಿದ್ದ ದೇಶಾವರಿ ನಗು, ಅದು. ನನ್ನದೂ ಅದೇ. "ಗೆಳೆಯರ ಜೊತೆ ಊಟಕ್ಕೆ ಹೋಗಿದ್ದೆ" ಎಂದು ಹೇಳಿ ನಕ್ಕಿದ್ದೇನೆ. ಯಾವ ಗೆಳೆಯರು? ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಂಡವರ ನಗು ಕೇಳುತ್ತಾ, ಮೇಜಿನ ಮೇಲೇ ಡಬ್ಬಿ ಬಿಚ್ಚಿ ಒಬ್ಬನೇ ತಿನ್ನುತ್ತೇನೆ. ತುಂಬಾ ಒಂಟಿ ಅನ್ನಿಸುತ್ತದೆ ಅಕ್ಕಾ. ಹೇಳಿದರೆ ನೀನು ಕೊರಗುತ್ತೀಯ ಎಂದು ಹೇಳಲಿಲ್ಲ. ನೀನು ನಕ್ಕಿರುವುದು ಯಾವಾಗ ಗೊತ್ತೇ? ಭಾವ ಹೇಗಿದ್ದಾರೆ ಎಂದು ನಾನು ಕೇಳಿದಾಗ. "ಅವರಿಗೇನೋ, ಗುಂಡುಕಲ್ಲಿದ್ದ ಹಾಗಿದ್ದಾರೆ" ಎಂದು ನಕ್ಕಿದ್ದೀಯ.

ತುಣುಕನ್ನು ಪ್ರಯೋಗದಿಂದ ತೆಗೆಸಿದೆ. ನಮ್ಮ ಪ್ರೊಫೆಸರು "ಜನ ಒಂದು ಉತ್ತರ ತಪ್ಪು ಹೇಳಿದ್ರು, ಹೋಗ್ಲಿ ಬಿಡಪ್ಪ" ಎಂದರು. ನನಗೆ ಅದು ತಪ್ಪು ಉತ್ತರ ಅನ್ನಿಸುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಪೆದ್ದು ತಮ್ಮ

ತಾ.ಕ.: ಭಾವನಿಗೆ ನಮಸ್ಕಾರ ಎಂದು ಕೈ ರೂಢಿಯ ಮೇಲೆ ಬರೆದುಬಿಟ್ಟಿತು. ಮೊನ್ನೆ ಅವರ ಕಚೇರಿಗೆ ಫೋನ್ ಮಾಡಿದ್ದೆ. ಚಳಿಗಾಲದಲ್ಲೇ ಮನೆ ಬಿಟ್ಟು ಹೋಗಿ ಬೇರೆ ಇದ್ದಾರಂತೆ, ಅವರೇ ಹೇಳಿದರು. ಅಂದರೆ ಆಗಿನಿಂದ ನೀನು ಆ ಮನೆಯಲ್ಲಿ ಒಬ್ಬಳೇ. ಶನಿವಾರ ಬರುತ್ತಿದ್ದೇನೆ. ಬಾಗಿಲು ತೆಗೆಯುವಾಗ ನಗಬೇಡ ಅಕ್ಕಾ.