ಖರ್ಜೂರದ ಪೊಟ್ಟಣದ ಕುಣಿಕೆ

ಡೊಂಬಿವಲಿ ಪೂರ್ವ,
೫ ಜುಲೈ ೨೦೧೨

ರಮಿತಾಳ ಪಪ್ಪನಿಗೆ,

ನಮಸ್ಕಾರ. ಆರೋಗ್ಯ ಹೇಗಿದೆ? ಬೆನ್ನುನೋವು ಈಗಲೂ ಉಂಟೋ, ಅಲ್ಲ ಅದನ್ನೂ ನಮ್ಮ ಜೊತೆ ಇಲ್ಲೇ ಬಿಟ್ಟು ಹೋದಿರೋ? ನಿಮ್ಮ ಅಮ್ಮನ ಶುಗರ್ ಏರುವುದು, ಇಳಿಯುವುದು ನಡೆದೇ ಇದೆ. ನಾನು ರಬಾಳೆಯ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದೇನೆ. ರಮಿತಾ ಕಾಲೇಜು ಸೇರಿದ್ದಾಳೆ. ನಾನು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ತಿರುಗಿ ಬೈಯುವಷ್ಟು ದೊಡ್ಡವಳಾಗಿದ್ದಾಳೆ. ಈ ವಿಳಾಸ ನನಗೆ ಹೇಗೆ ಸಿಕ್ಕಿತೆಂದು ಕೇಳಬೇಡಿ. ನಿಮಗೆ ಗೊತ್ತೇ ಇದೆ.

ಮೊದಲು ಮನೆಯ ಜಗಳ ಹೇಳಿಬಿಡುತ್ತೇನೆ. ದುಬೈಗೆ ಹೋದ ಮೇಲೆ ಎರಡು ವರ್ಷ ಫೋನ್ ಮಾಡಿದಿರಿ. ಆಮೇಲೆ ನಂಬರೇ ಹೋಯಿತು. ನೀವಿದ್ದ ಹೋಟೆಲು ಮುಚ್ಚಿದೆ ಎಂದಷ್ಟೇ ಯಾರೋ ಹೇಳಿದರು. ಎಷ್ಟೋ ವರ್ಷ ಕಾದ ಮೇಲೆ ಅತ್ತೆ ಊರಿಗೆ ಹೋಗಿ ದೈವದ ದರ್ಶನದಲ್ಲಿ ಕೇಳಿಸಿದರು. ನೀವು ತೀರಿಹೋದವರ ಸಾಲಿಗೆ ಸೇರಿದ್ದೀರಿ ಎಂದು ನುಡಿ ಬಂತಂತೆ. ಅಂದಿನಿಂದ ಅವರದು ಒಂದೇ ಹಟ. ಆಟಿ ತಿಂಗಳಲ್ಲಿ ಮನೆಯ ಹಿರಿಯರಿಗೆ, ಸತ್ತವರಿಗೆಲ್ಲ ಒಳಗೆ ಎಲೆ ಹಾಕಿ ಬಡಿಸುತ್ತೇವಲ್ಲ, ಈ ಸಲ ಆ ಸಾಲಿನಲ್ಲಿ ನಿಮಗೂ ಒಂದು ಎಲೆ ಬೇಕಂತೆ. "ನನ್ನ ಮಗ ಹಸಿದುಕೊಂಡು ಹೊರಗೆ ನಿಂತಿದ್ದರೆ ನನಗೆ ಅನ್ನ ಇಳಿಯುವುದಾದರೂ ಹೇಗೆ ಮಾರಾಯ್ತಿ" ಎಂದು ಅತ್ತರು. ಬದುಕಿರುವವರಿಗೆ ಆ ಎಲೆ ಹಾಕಿಸಲು ನಾನು ಬಿಡುತ್ತೇನೆಯೇ? ಕರಿಮಣಿ ಹಿಡಿದು ಹೇಳಿದೆ, ಅವರು ಇದ್ದಾರೆ, ನಾನೇ ಹುಡುಕಿ ತೋರಿಸುತ್ತೇನೆ ಎಂದು. ನನ್ನ ಬಾಯಿ ನಿಮಗೆ ಗೊತ್ತಲ್ಲ, ಒಮ್ಮೆ ತೆರೆದರೆ ಮುಚ್ಚುವುದು ಕಷ್ಟ.

ಅಷ್ಟರಲ್ಲಿ ನಮ್ಮ ಭಜನಾ ಮಂಡಳಿಯ ಹೆಂಗಸರು ದುಬೈ ಟೂರ್ ಹೊರಟರು. ಜೂನ್ ತಿಂಗಳ ಆ ಬಿಸಿಲಿಗೆ ಯಾರೂ ಹೋಗುವುದಿಲ್ಲ, ಅದಕ್ಕೇ ಅಗ್ಗ. ಎದುರು ಮನೆಯ ಮೋಹಿನಿ ನನ್ನನ್ನೂ ಎಳೆದುಕೊಂಡಳು. ನೀವು ಹೋದ ಮೇಲೆ ನಮ್ಮ ಸೊಸೈಟಿಗೆ ಬಂದವಳು, ಒಳ್ಳೆಯ ಹೆಂಗಸು, ಆದರೆ ಅವಳ ಫೋಟೋದ ಹುಚ್ಚು ಯಾರಿಗೂ ಬೇಡ. ಒಂದು ಇಡೀ ದಿನ ಊರು ನೋಡುವುದು, ಖರೀದಿ ಮಾಡುವುದು. ಬೆಳಿಗ್ಗೆ ಆ ಎತ್ತರದ ಕಟ್ಟಡದ ಬುಡದಲ್ಲಿ ನಿಲ್ಲಿಸಿ "ವಿನೋದಕ್ಕ, ಒಂಚೂರು ನಗಿ ಮಾರಾಯ್ರೆ, ಸತ್ತ ಮನೆಗೆ ಬಂದ ಹಾಗೆ ನಿಂತಿದ್ದೀರಲ್ಲ" ಎಂದಳು. ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದರೆ ನಾನು ರಸ್ತೆಯಲ್ಲಿ ಹೋಗುವವರ ಮುಖ ನೋಡುತ್ತಿದ್ದೆ. ಮಾಲ್‌ನಲ್ಲಿ ಗಾಜಿನ ಹಿಂದೆ ಮನೆಯಷ್ಟು ದೊಡ್ಡ ಮೀನು ಈಜುತ್ತಿತ್ತು; ನಮ್ಮ ಮಂಡಳಿಯ ಚಂಪಾ ಅದನ್ನು ಎಷ್ಟು ಮಂದಿಗೆ ಸಾರು ಮಾಡಬಹುದೆಂದು ಲೆಕ್ಕ ಹಾಕಿದಳು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ದಾರಿಯಲ್ಲಿ ನಮ್ಮೂರವರ ಹೋಟೆಲು ಕಂಡಲ್ಲೆಲ್ಲ ನುಗ್ಗಿ ಪಾರ್ಸೆಲ್ ಕೌಂಟರ್ ಇಣುಕಿ ಬಂದೆ. "ಈಗಷ್ಟೇ ಇಡ್ಲಿ ತಿಂದದ್ದಲ್ವಾ, ಮತ್ತೂ ಹಸಿವಾ?" ಎಂದು ಮೋಹಿನಿ ಬೈದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ.

ಸಂಜೆ ದೋಣಿಯಲ್ಲಿ ಹೊಳೆ ದಾಟಿ ಹಳೇ ಪೇಟೆಗೆ ಬಂದೆವು. ಕೇಸರಿ, ಏಲಕ್ಕಿ, ಖರ್ಜೂರದ ಅಂಗಡಿಗಳು. ನನ್ನ ಆಸೆ ಆಗಲೇ ಮುಗಿದಿತ್ತು; ರಮಿತಾಳಿಗೆ ಖರ್ಜೂರ ತೆಗೆದುಕೊಂಡು ಬಸ್ಸು ಹತ್ತುವುದೆಂದು ಒಂದು ಅಂಗಡಿಗೆ ಹೋದೆ. ಆಮೇಲೆ ನಡೆದದ್ದು ನಿಮಗೂ ಗೊತ್ತು. ಆದರೂ ಬರೆಯುತ್ತೇನೆ, ನಾನು ಕನಸು ಕಂಡದ್ದಲ್ಲ ಎಂದು ನಿಮಗೆ ತಿಳಿಯಲಿ. ತಕ್ಕಡಿಯ ಹಿಂದಿನಿಂದ ನೀವು ತಲೆ ಎತ್ತಿದಿರಿ. ನನ್ನ ಮುಖ ನೋಡಿದಿರಿ, ಕರಿಮಣಿ ನೋಡಿದಿರಿ, ಆಮೇಲೆ ಖರ್ಜೂರ ನೋಡಿದಿರಿ. "ಕಿತ್ನಾ ದೂಂ, ಮೇಡಂ?" ಎಂದಿರಿ. ನಾನು ತುಳುವಿನಲ್ಲಿ ನಿಮ್ಮ ಊರು ಯಾವುದೆಂದು ಕೇಳಿದೆ. "ಸಮ್ಝಾ ನಹೀಂ, ಮೇಡಂ." ಬಾಯಿ ಅರ್ಥವಾಗಲಿಲ್ಲ ಎಂದಿತು. ಕೈಗೆ ಸುಳ್ಳು ಬರಲಿಲ್ಲ. ಎದುರಿಗೆ ಪ್ಲಾಸ್ಟಿಕ್ ಚೀಲಗಳು ರಾಶಿ ಬಿದ್ದಿದ್ದರೂ ನೀವು ಪೊಟ್ಟಣಕ್ಕೆ ನೂಲು ಸುತ್ತಿದಿರಿ, ಕಿರುಬೆರಳಿಗೆ ಸುತ್ತಿ ಫಟ್ಟನೆ ತುಂಡು ಮಾಡಿದಿರಿ, ಮೇಲೊಂದು ಕುಣಿಕೆ ಬಿಟ್ಟಿರಿ. ಡೊಂಬಿವಲಿ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುತ್ತಿದ್ದಾಗ ನೀವು ಹಾಗೆಯೇ ಬಿಡುತ್ತಿದ್ದಿರಿ, ಲೋಕಲ್‌ನಲ್ಲಿ ನೇತಾಡುವವರು ಬೆರಳಿಗೆ ಸಿಕ್ಕಿಸಿಕೊಳ್ಳಲಿ ಎಂದು. ಆ ಊರಲ್ಲಿ ಯಾವ ಲೋಕಲ್ ಇದೆ ಹೇಳಿ? ಇಬ್ಬರೂ ಆ ಕುಣಿಕೆಯನ್ನೇ ನೋಡಿದೆವು. ನೀವು ಒಳಗೆ ಹೋದಿರಿ. ಮತ್ತೆ ಬರಲಿಲ್ಲ. ಹೊರಗಿನಿಂದ ಮೋಹಿನಿ ಬಸ್ಸು ಬಂತೆಂದು ಕೂಗುತ್ತಿದ್ದಳು.

ನಿಮಗೆ ಅಲ್ಲಿ ಏನು ಕಷ್ಟವೋ, ಏನು ನಾಚಿಕೆಯೋ ನನಗೆ ಗೊತ್ತಿಲ್ಲ. ಹೇಳಿದ್ದರೆ ಏನೇ ಇದ್ದರೂ ತಡೆದುಕೊಳ್ಳುತ್ತಿದ್ದೆ. ಮೇಡಂ ಎಂದಿರಲ್ಲ, ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ನನಗೆ ಸಿಟ್ಟು ಬಂದಿದೆ, ಅಳುವೂ ಬರುತ್ತಿದೆ, ಯಾರ ಎದುರು ಅಳಲಿ? ಮನೆಗೆ ಬಂದೊಡನೆ ರಮಿತಾ "ಮಿಲೇ ಕ್ಯಾ, ಮಮ್ಮಿ?" ಎಂದಳು. ಸಿಗಲಿಲ್ಲ ಎಂದೆ. ಅವಳು ಖರ್ಜೂರದ ಪೊಟ್ಟಣವನ್ನು ಚಿಕ್ಕಂದಿನಲ್ಲಿ ನಿಮ್ಮ ಕೈಯಿಂದ ತೆಗೆದುಕೊಳ್ಳುತ್ತಿದ್ದ ಹಾಗೆಯೇ ಬೆರಳಿಗೆ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ನಿಂತಳು. ಪೊಟ್ಟಣವನ್ನು ಇನ್ನೂ ಬಿಚ್ಚಿಲ್ಲ.

ದೇವರು ನಿಮ್ಮನ್ನು ಅಲ್ಲೇ ಚೆನ್ನಾಗಿಟ್ಟಿರಲಿ. ಔಷಧಿ ತಪ್ಪಿಸಬೇಡಿ.

ಇತಿ,
ವಿನೋದಾ

ಮರೆತಿದ್ದೆ: ಎಲ್ಲೂ ಸಿಗಲಿಲ್ಲ, ಇನ್ನು ಎಲೆ ಹಾಕೋಣ ಎಂದು ಅತ್ತೆಗೆ ನಾನೇ ಹೇಳಿದೆ. ಸತ್ತ ಮಗನಿಗಾಗಿ ಅವರು ಅಳಬಲ್ಲರು. ಗುರುತೇ ಇಲ್ಲ ಎನ್ನುವ ಮಗನನ್ನು ಕಟ್ಟಿಕೊಂಡು ಈ ವಯಸ್ಸಿನಲ್ಲಿ ಏನು ಮಾಡಿಯಾರು? ಆಟಿಯ ಮೊದಲ ಭಾನುವಾರ ಬಡಿಸುತ್ತೇವೆ. ಕರಿಮಣಿ ಅಂದೇ ತೆಗೆಯುತ್ತೇನೆ. ನಿಮ್ಮ ಎಲೆಗೆ ಕೋಳಿ ಸಾರು ನಾನೇ ಬಡಿಸುತ್ತೇನೆ, ನಿಮಗೆ ಬೇಕಾದ ಹಾಗೆ ಖಾರ ಜಾಸ್ತಿ ಹಾಕಿ. ಆ ದಿನ ಅಲ್ಲಿ ಊಟ ಮಾಡುವಾಗ ನೆತ್ತಿಗೆ ಹತ್ತಿದರೆ, ನೀರು ಕುಡಿಯಿರಿ.