ಬಟ್ಟಲು ಮೇಲಿರುವ ಗನ್ನು

ಆಂಡರ್ಸನ್‌ಪೇಟೆ
೨೦-೧-೧೯೬೪, ಸೋಮವಾರ

ಪ್ರೀತಿಯ ನಿಮಗೆ,

ಯಜಮಾನರಿಗೆ ಎಂದು ಬರೆದರೆ ಅಕ್ಕಪಕ್ಕದ ಮಂಚದವರಿಗೆಲ್ಲ ಓದಿ ಹೇಳಿ ನಗುತ್ತೀರಿ, ಅದಕ್ಕೇ ಹೀಗೆ. ನಿಮ್ಮ ಕನಕಳ ನಮಸ್ಕಾರಗಳು. ಕೆಮ್ಮು ಹೇಗಿದೆ? ಬೆಳಗಿನ ಹೊತ್ತು ಈಗಲೂ ಎದ್ದು ಕೂತೇ ಉಸಿರು ತೆಗೆದುಕೊಳ್ಳಬೇಕಾ, ಇಲ್ಲ ಗೋಡೆಗೆ ಒರಗಿಕೊಂಡರೆ ಸಾಕಾ? ಆಸ್ಪತ್ರೆಯ ಹಾಲು ಬರೀ ನೀರು ಎಂದು ಚೆಲ್ಲಬೇಡಿ, ನೀರಾದರೂ ಬಿಸಿಯಾಗಿರುತ್ತದಲ್ಲ. ಬೆಂಗಳೂರಿನ ಚಳಿಗೆ ಮಫ್ಲರನ್ನು ಕಿವಿ ಮುಚ್ಚುವ ಹಾಗೆ ಸುತ್ತಿಕೊಳ್ಳಿ, ಸನ್ಮಾನದ ಹಾರದ ಹಾಗೆ ಇಳಿಬಿಟ್ಟುಕೊಂಡು ಓಡಾಡಬೇಡಿ. ಇಲ್ಲಿ ಅತ್ತೆ ಚೆನ್ನಾಗಿದ್ದಾರೆ. ನೀವಿಲ್ಲದ ಸಂಕ್ರಾಂತಿಯಲ್ಲಿ ನನಗೆ ಎಳ್ಳು ಬೀರಲು ಹೋಗುವ ಮನಸ್ಸೇ ಆಗಲಿಲ್ಲ. ಅವರೆಕಾಯಿ ಮಾತ್ರ ಸುಲಿದು ಸುಲಿದು ಬೆರಳೆಲ್ಲ ಕಪ್ಪಾಗಿದೆ.

ನಿಮ್ಮ ಕಾಗದ ಬಂತು. ಎರಡು ಪುಟದಲ್ಲಿ ಒಂದೂವರೆ ಪುಟ ಬಣ್ಣ ಹೊಡೆಯುವ ಗನ್ನಿನ ವಿಚಾರ, ಹೆಂಡತಿಗೆ ಮೂರು ಸಾಲು! ಕೆಳಗೆ ದೊಡ್ಡ ಡಬ್ಬಿ ನೇತಾಡುವ, ಬಸ್ಸಿಗೆ ಬಣ್ಣ ಹೊಡೆಯುವಂಥ ಗನ್ನೇ ತಗೋ, ನಾನು ಬಂದ ಮಾರನೇ ದಿನವೇ ಕೆಲಸ ಶುರು ಎಂದು ಬರೆದಿದ್ದೀರಿ. ಮನೆಗೆ ಬರುವ ಮಾತಾಡಿದಿರಲ್ಲ ಎಂದು ಸಂತೋಷವಾಯಿತು. ಭಯವೂ ಆಯಿತು. ಹದಿನಾಲ್ಕು ವರ್ಷ ಗಣಿಯಲ್ಲಿ ಡ್ರಿಲ್ ಹಿಡಿದ ಎದೆ ಇದು, ಇನ್ನು ಧೂಳಾಗಲಿ ಹೊಗೆಯಾಗಲಿ ಸೋಕಿದರೆ ಉಳಿಗಾಲವಿಲ್ಲ ಎಂದು ಡಾಕ್ಟರು ನಮ್ಮಿಬ್ಬರ ಎದುರಿಗೇ ಹೇಳಿದ್ದಾರೆ. ನೀವು ನೋಡಿದರೆ, ಬಣ್ಣ ಧೂಳೂ ಅಲ್ಲ ಹೊಗೆಯೂ ಅಲ್ಲ ಎಂದು ವಕೀಲರ ಹಾಗೆ ವಾದ ಹೂಡಿದ್ದೀರಿ. ಆ ವಾದಕ್ಕೆ ಆಮೇಲೆ ಬರುತ್ತೇನೆ, ಮೊದಲು ಗನ್ನು.

ಬುಧವಾರ ರೈಲು ಹತ್ತಿ ಬಂಗಾರಪೇಟೆಗೆ ಹೋದೆ. ಲಾರಿಗಳಿಗೆ ಬಣ್ಣ ಹೊಡೆದು ಕೈ ಪಳಗಿದವರು ನಮ್ಮ ಪೈಕಿ ನನ್ನ ಸೋದರಮಾವ ಜಯರಾಮಪ್ಪ ಒಬ್ಬರೇ ಅಲ್ಲವೇ. ನಿಮ್ಮ ಕಾಗದವನ್ನೇ ಅವರ ಮುಂದೆ ಹಿಡಿದೆ. ಅವರು ಅದನ್ನು ಓದದೆ, ಗನ್ನಿಗೆ ಗಾಳಿ ಒತ್ತಲು ನಾವು ಕೊಂಡಿಟ್ಟಿರುವ ಕಂಪ್ರೆಸರ್ ಎಷ್ಟು ದೊಡ್ಡದು ಎಂದು ಕೇಳಿದರು. ಕ್ಯಾಸಂಬಳ್ಳಿಯ ಸೈಕಲ್ ಶಾಪಿನವರು ಟ್ಯೂಬಿಗೆ ಗಾಳಿ ತುಂಬಲು ಇಟ್ಟುಕೊಂಡಿದ್ದದ್ದು, ಅರ್ಧ ಕುದುರೆ ಶಕ್ತಿಯ ಮೋಟಾರು, ಟ್ಯಾಂಕು ನಮ್ಮ ಬಚ್ಚಲ ಹಂಡೆಯಷ್ಟು ಎಂದು ಕೈಯಲ್ಲೇ ಅಳತೆ ತೋರಿಸಿದೆ. ಮಾವ ನಕ್ಕ ನಗು ರೈಲ್ವೆ ಸ್ಟೇಷನ್ನಿಗೆ ಕೇಳಿಸಿರಬೇಕು. "ಅಯ್ಯೋ ಅಮ್ಮಣ್ಣಿ, ನಿನ್ ಗಂಡ ಯೋಳಿರೋ ಗನ್ನು ಗಾಳಿ ತಿನ್ನೋ ಬಕಾಸುರ ಕಣಮ್ಮ. ನಿನ್ ಟ್ಯಾಂಕು ಅದುಕ್ಕೆ ಒಂದೇ ತುತ್ತು!" ಎಂದರು. ನಾನೂ ನಿಮ್ಮ ಹೆಂಡತಿಯೇ ಅಲ್ಲವೇ, ನಂಬಲಿಲ್ಲ. ಅವರ ಬಕಾಸುರನನ್ನೇ ಒಂದು ದಿನಕ್ಕೆಂದು ಕೇಳಿ ತಂದೆ.

ಹಿತ್ತಲಲ್ಲಿ ಹಳೇ ತಗಡು ನಿಲ್ಲಿಸಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೊಡೆದೆ. ಮೊದಲ ಪಟ್ಟೆ ಎಷ್ಟು ಚೆನ್ನಾಗಿ ಬಂತು ಅಂತೀರಿ! ಎರಡನೆಯದು ಅರ್ಧಕ್ಕೆ ಹೋಗುವಷ್ಟರಲ್ಲಿ ಟ್ಯಾಂಕಿನ ಗಾಳಿ ತೋರಿಸುವ ಮೀಟರಿನಲ್ಲಿ ನಲವತ್ತರಲ್ಲಿದ್ದ ಮುಳ್ಳು ಹದಿನೈದಕ್ಕೆ ಇಳಿಯಿತು. ಗನ್ನು ಎಲೆಅಡಿಕೆ ಉಗಿದ ಹಾಗೆ ಬಣ್ಣವನ್ನು ತುಪುಕ್ ತುಪುಕ್ ಎಂದು ಉಗಿಯತೊಡಗಿತು. ನಿಲ್ಲಿಸಿ ಕಾದೆ. ಮೋಟಾರು ಪಾಪ ಒದ್ದಾಡಿ ಟ್ಯಾಂಕು ತುಂಬಿಸುವ ಹೊತ್ತಿಗೆ ನಾನು ಒಲೆಯ ಮೇಲಿದ್ದ ಸಾರು ಇಳಿಸಿ ಬಂದೆ. ಮತ್ತೆ ಹೊಡೆದೆ, ಮತ್ತೆ ಅದೇ ಕಥೆ. ಒಣಗಿದ ಮೇಲೆ ತಗಡು ಸಿಡುಬು ಎದ್ದ ಮುಖದ ಹಾಗಿತ್ತು. ಬೇಲಿಯಾಚೆ ಹೆಂಗಸರೆಲ್ಲ ಸೇರಿದ್ದರು. ಅತ್ತೆ ಬೇರೆ, "ನಮ್ಮನೆ ಸೊಸೆ ಪಿಸ್ತೂಲ್ ಇಡ್ಕೊಂಡು ನಿಂತವ್ಳೆ, ಅತ್ರ ಬರಬೇಡ್ರೇ" ಎಂದು ಅವರನ್ನು ಹೆದರಿಸುತ್ತಿದ್ದರು.

ತಪ್ಪು ನಿಮ್ಮದಲ್ಲ. ಗಣಿಯಲ್ಲಿ ಮೇಲೆ ಮನೆಯಷ್ಟು ದೊಡ್ಡ ಯಂತ್ರಗಳು ನಿಮ್ಮ ಡ್ರಿಲ್ಲಿಗೆ ಗಾಳಿ ಒತ್ತುತ್ತಿದ್ದವು, ಕೆಳಗೆ ನೀವು ವಾಲ್ವು ತಿರುಗಿಸಿದರೆ ಸಾಕಿತ್ತು. ಅದು ಮುಗಿಯುತ್ತದೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ನಮ್ಮ ಊರಿನ ಗಂಡಸರು ಉಪ್ಪು ಮೆಣಸಿನಕಾಯಿಗೂ ಲೆಕ್ಕ ಕೇಳುತ್ತಾರೆ, ಗಾಳಿಗೊಂದು ಕೇಳುವುದಿಲ್ಲ. ಮಾವ ಹೇಳಿದ್ದು ಇಷ್ಟೇ: ಗನ್ನು ನಿಮಿಷಕ್ಕೆ ಕೇಳುವ ಗಾಳಿ, ಕಂಪ್ರೆಸರ್ ನಿಮಿಷಕ್ಕೆ ಕೊಡುವ ಗಾಳಿಗಿಂತ ಕಡಿಮೆ ಇರಬೇಕು. ಟ್ಯಾಂಕಿನಲ್ಲಿ ಕೂಡಿಟ್ಟದ್ದನ್ನು ನಂಬಿ ಕೂರಬಾರದು.

ಗುರುವಾರ ದೊಡ್ಡದನ್ನು ಹಿಂದಿರುಗಿಸಿ, ಮಾವ ಆರಿಸಿಕೊಟ್ಟ ಚಿಕ್ಕ ಗನ್ನು ತಂದೆ. ಇದರಲ್ಲಿ ಬಣ್ಣದ ಬಟ್ಟಲು ಮೇಲೆ ಕೂತಿರುತ್ತದೆ. ಕೆಳಗೆ ಡಬ್ಬಿ ಇದ್ದರೆ ಬಣ್ಣವನ್ನು ಮೇಲಕ್ಕೆ ಎಳೆಯುವುದಕ್ಕೂ ಗಾಳಿಯೇ ದುಡಿಯಬೇಕು. ಇಲ್ಲಿ ಬಣ್ಣ ತಾನಾಗಿ ಇಳಿಯುತ್ತದೆ. ಮೂತಿಯ ತೂತೂ ಸಣ್ಣದು. ಬಸ್ಸಿಗೆ ಸಾಲದು, ನಿಜ. ಆದರೆ ನಮ್ಮ ಮನೆಗೆ ಬಸ್ಸು ಎಲ್ಲಿ ಬರುತ್ತದೆ, ಬರುವುದು ಸೈಕಲ್ಲು, ಟ್ರಂಕು. ಬಣ್ಣವನ್ನು ತೆಳ್ಳಗೆ ಕಲಸಿ, ಹಳೇ ಪಂಚೆಯಲ್ಲಿ ಸೋಸಿ ಹಾಕಬೇಕು, ಇಲ್ಲದಿದ್ದರೆ ಕಟ್ಟಿಕೊಂಡು ಮುನಿಸಿಕೊಳ್ಳುತ್ತದೆ. ಶುಕ್ರವಾರ ಹಾಲಿನ ಮುನಿಸ್ವಾಮಪ್ಪನವರ ಸೈಕಲ್ಲಿಗೆ ಗಿಳಿಹಸಿರು ಹೊಡೆದೆ. ಮುಳ್ಳು ಮೂವತ್ತರಿಂದ ಕೆಳಗಿಳಿಯಲಿಲ್ಲ. ಅವರು ಸೈಕಲ್ಲಿನ ಸುತ್ತ ಎರಡು ಸುತ್ತು ಬಂದು, "ಇದು ನಂದೇ ಏನಮ್ಮ?" ಎಂದು ಕೇಳಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದು ಬರೆಯಲು ನಾಚಿಕೆ. ನೀವು ಬರುವ ತನಕ ಹೀಗೇ ಒಂದೊಂದು ಹೊಡೆಯುತ್ತಿರುತ್ತೇನೆ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಹೊಟ್ಟೆ ತುಂಬ ಉಣ್ಣಬೇಕಂತೆ. ಪಕ್ಕದ ಮಂಚದ ತಾತನವರಿಗೆ ನನ್ನ ನಮಸ್ಕಾರ ತಿಳಿಸಿ. ಬೇಗ ಗುಣವಾಗಿ ಮನೆ ಸೇರಿಕೊಳ್ಳಿ, ದಾರಿ ನೋಡುತ್ತಿದ್ದೇನೆ.

ನಿಮ್ಮವಳು,
ಕನಕ

ಮತ್ತೆ: ಟಪಾಲಿನ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ನೀವು ಬರುವ ತನಕ ಎಂದೆನಲ್ಲ, ಅದು ಸುಳ್ಳು. ನೀವು ಬಂದ ಮೇಲೂ ಗನ್ನು ಹಿಡಿಯುವವಳು ನಾನೇ. ಅಂಚಿಗೆ ಗೆರೆ ಎಳೆಯುವುದು, ಹೆಸರು ಬರೆಯುವುದು ನನ್ನ ಕೈಲಾಗದು. ಅದಕ್ಕೆ ಬ್ರಷ್ಷು ಸಾಕು, ನೀವು ಕೂತು ಮಾಡಿ. ಶುಕ್ರವಾರ ಸೈಕಲ್ ಮುಗಿಸಿ ಮೂಗಿನ ಬಟ್ಟೆ ಬಿಚ್ಚಿದೆ. ಹೊರಗೆ ಹಸಿರಾಗಿತ್ತು, ಇರಲಿ. ಎರಡನೇ ಮಡಿಕೆ ಬಿಡಿಸಿದೆ, ಹಸಿರು. ಮೂರನೆಯದೂ ಹಸಿರು. ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ, ಈ ಪುಟ್ಟ ಗನ್ನಿನಲ್ಲಿ ಕಾಲು ಗಂಟೆ ಹೊಡೆದದ್ದಕ್ಕೆ ಇಷ್ಟು. ಅಲ್ಲೇ ಕೂತು ಅತ್ತುಬಿಟ್ಟೆ. ನನ್ನ ಎದೆ ಗಟ್ಟಿಯಿದೆ, ನಾಳೆಯಿಂದ ಇನ್ನೆರಡು ಮಡಿಕೆ ಜಾಸ್ತಿ ಕಟ್ಟಿಕೊಳ್ಳುತ್ತೇನೆ. ನಿಮ್ಮದಕ್ಕೆ ಎಷ್ಟು ಮಡಿಕೆ ಕಟ್ಟಲಿ? ವಾದ ಮಾಡಲು ನನಗೆ ಬರುವುದಿಲ್ಲ, ಬಟ್ಟೆಯನ್ನೇ ಲಕೋಟೆಯೊಳಗೆ ಇಟ್ಟಿದ್ದೇನೆ. ಒಳಗಿನ ಮಡಿಕೆ ಬಿಡಿಸಿ ನೋಡಿ, ಡಾಕ್ಟರಿಗೂ ತೋರಿಸಿ. ಆಮೇಲೂ ನೀವು "ಗನ್ನು ನನಗೇ ಬೇಕು" ಎಂದರೆ ಒಂದು ಸಾಲು ಬರೆದುಬಿಡಿ, ಅವತ್ತೇ ಅದನ್ನು ಮಾವನಿಗೆ ವಾಪಸು ಕೊಟ್ಟು ಬರುತ್ತೇನೆ. ನನಗೆ ನೀವು ಬೇಕು.